ಗುಡ್ಡೆ ಬಾಡು: ಒಂದು ಹೋತ, ಹನ್ನೆರಡು ಪಾಲು

ಹತ್ತು ಹನ್ನೆರಡು ಮಂದಿ ದುಡ್ಡು ಹಾಕಿ ಒಂದು ಹೋತವನ್ನೋ ಟಗರನ್ನೋ ತಂದು, ಕೊಯ್ದು, ಸಮನಾಗಿ ಹಂಚಿಕೊಳ್ಳುವುದೇ ಗುಡ್ಡೆ ಬಾಡು. ಹಳೇ ಮೈಸೂರಿನ ಹಳ್ಳಿಗಳಲ್ಲೆಲ್ಲ ರೂಢಿಯಲ್ಲಿರುವ ಈ ಪದ್ಧತಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೂ ಹೊಸದಲ್ಲ. ಯುಗಾದಿಯ ಮರುದಿನ, ಅಂದರೆ ವರ್ಷತೊಡಕಿನಂದು, ಇದರ ಭರಾಟೆ ಜೋರು. ಆ ದಿನ ಸೋಮವಾರವೋ ಶನಿವಾರವೋ ಆಗಿಬಿಟ್ಟರೆ ಮಾತ್ರ ದೇವರ ವಾರವೆಂದು ಬಾಡನ್ನು ಮುಂದಕ್ಕೆ ಹಾಕುವವರಿದ್ದಾರೆ. ಹಬ್ಬದ ಹೊತ್ತಿಗೆ ಒಟ್ಟಿಗೆ ದುಡ್ಡು ಹೊಂದಿಸುವುದು ಕಷ್ಟವೆಂದು ತಿಂಗಳು ತಿಂಗಳೂ ಇಷ್ಟಿಷ್ಟು ಕಟ್ಟುವ ಚೀಟಿಗಳೂ ಹಲವು ಊರುಗಳಲ್ಲಿ ನಡೆಯುತ್ತವೆ.

ಕೆಲಸ ಶುರುವಾಗುವುದು ಸಂತೆಯಲ್ಲಿ. ತುಮಕೂರು ಜಿಲ್ಲೆಯವರಿಗೆ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆ ಚೆನ್ನಾಗಿ ಗೊತ್ತು. ಕೊಳ್ಳುವವನು ತಕ್ಕಡಿಯನ್ನು ನಂಬುವುದಕ್ಕಿಂತ ಕೈಯನ್ನು ನಂಬುತ್ತಾನೆ: ಬೆನ್ನುಮೂಳೆಯ ಎರಡೂ ಬದಿಯನ್ನು ಹಿಸುಕಿ, ಬಾಲದ ಬುಡ ಹಿಡಿದು, ಮೈಯಲ್ಲಿ ಎಷ್ಟು ಬಾಡಿದೆ ಎಂದು ಅಂದಾಜು ಮಾಡುತ್ತಾನೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ ಎಂದೇ ಲೆಕ್ಕ. ನಿಂತಿರುವಾಗ 25 ಕೆ.ಜಿ. ತೂಗುವ ಹೋತದಲ್ಲಿ ಕೈಗೆ ಸಿಗುವ ಬಾಡು ಅದರ ಅರ್ಧದಷ್ಟು ಮಾತ್ರ. ಹನ್ನೆರಡು ಪಾಲುದಾರರಿದ್ದರೆ ತಲೆಗೆ ಹೆಚ್ಚುಕಡಿಮೆ ಒಂದು ಕೆ.ಜಿ.

ನಿಜವಾದ ಜಾಣತನ ಇರುವುದು ಪಾಲು ಹಾಕುವುದರಲ್ಲಿ. ಬಾಳೆ ಎಲೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಸಿ, ಮೊದಲು ತೊಡೆಯ ಬಾಡನ್ನು ಹನ್ನೆರಡು ಕಡೆ ಇಡುತ್ತಾರೆ. ಅದರ ಮೇಲೆ ಪಕ್ಕೆಲುಬು, ಆಮೇಲೆ ಕತ್ತು, ಮುಂಗಾಲು, ಕೊಬ್ಬು, ಕೊನೆಗೆ ಈಲಿ ಮತ್ತು ಬೋಟಿ. ಈಲಿ ಒಂದೇ ಇದ್ದರೂ ಹನ್ನೆರಡು ಚೂರಾಗಲೇಬೇಕು. ಯಾವುದೋ ಗುಡ್ಡೆ ಸಣಕಲಾಗಿ ಕಂಡರೆ ಪಕ್ಕದ ಗುಡ್ಡೆಯಿಂದ ಒಂದು ತುಂಡು ಅತ್ತ ಸರಿಯುತ್ತದೆ. ಸುತ್ತ ನಿಂತವರೆಲ್ಲ ತಪಾಸಣೆಯವರೇ ಆದ್ದರಿಂದ ಮೋಸಕ್ಕೆ ಜಾಗ ಕಡಿಮೆ, ಮಾತಿಗೆ ಜಾಗ ಜಾಸ್ತಿ. ತಲೆ ಮತ್ತು ಕಾಲು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಬೇಕಾದವರು ಬೇರೆ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಇಲ್ಲವೇ ಓಡಾಡಿದವನಿಗೆ ಬಿಡುತ್ತಾರೆ. ತೆಂಗಿನ ಒಣಗರಿಯ ಉರಿಯಲ್ಲಿ ಕೂದಲು ಸುಟ್ಟು, ಚಾಕುವಿನಲ್ಲಿ ಹೆರೆದು ತೊಳೆದರೆ ಅವು ಒಲೆಗೆ ಸಿದ್ಧ.

ಬೆಂಗಳೂರಿನ ಸ್ಟೇಕ್ ಹೋಟೆಲುಗಳ ರೀತಿ ಇದಕ್ಕೆ ತದ್ವಿರುದ್ಧ. ಮ್ಯೂಸಿಯಂ ರಸ್ತೆಯ ‘ದಿ ಓನ್ಲಿ ಪ್ಲೇಸ್’ನಂಥ ಹಳೆಯ ಜಾಗಗಳಲ್ಲಿ ಗೆಳೆಯರು ಒಂದೇ ಮೇಜಿಗೆ ಕೂತರೂ ಒಬ್ಬೊಬ್ಬರದು ಒಂದೊಂದು ತುಂಡು, ಅದು ಎಷ್ಟು ಬೇಯಬೇಕೆಂಬುದೂ ಅವರವರದೇ. ಎಲ್ಲರೂ ಕೇಳುವುದು ಟೆಂಡರ್‌ಲಾಯಿನ್. ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡಿರುವ ಈ ಸ್ನಾಯುವಿಗೆ ದುಡಿಮೆ ಕಡಿಮೆ, ಹಾಗಾಗಿ ಮೆತ್ತಗೆ. ಇಡೀ ಪ್ರಾಣಿಯಲ್ಲಿ ಇರುವುದೇ ಎರಡು, ಹಾಗಾಗಿ ದುಬಾರಿ. 2021ರಲ್ಲಿ ಜಾರಿಗೆ ಬಂದ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದೆ, ಹಾಗಾಗಿ ಇಲ್ಲಿ ಬೀಫ್ ಸ್ಟೇಕ್ ಎಂದರೆ ಕಾನೂನಿನ ಪ್ರಕಾರ ಎಮ್ಮೆ, ಕೋಣದ್ದೇ.

ಗುಡ್ಡೆಯಲ್ಲಿ ಇಂಥ ಆಯ್ಕೆಗೆ ಅವಕಾಶವೇ ಇಲ್ಲ. ಮೆತ್ತನೆಯದೂ ಗಟ್ಟಿಯದೂ ಒಟ್ಟಿಗೇ ಬರುತ್ತದೆ. ಅದಕ್ಕೇ ಅದು ಕಾವಲಿಗೆ ಹೋಗದೆ ಸಾರಿನ ಪಾತ್ರೆಗೆ ಹೋಗುತ್ತದೆ. ನಡೆದು ನಡೆದು ಬಲಿತ ಮುಂಗಾಲು, ಕತ್ತುಗಳ ನಾರು ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಬೆಂದಾಗ ಕರಗಿ ಅಂಟಾಗುತ್ತದೆ, ಸಾರಿಗೆ ಮೈ ಬರುವುದು ಅದರಿಂದಲೇ. ಈಲಿ ಬೇಗ ಬೇಯುವುದರಿಂದ ಕೊನೆಗೆ ಬೀಳುತ್ತದೆ. ಬೋಟಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬೇರೆಯಾಗಿ ಬೇಯಿಸುತ್ತಾರೆ. ಖಾರಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಚಕ್ಕೆ, ಲವಂಗ, ಗಸಗಸೆ. ಜೊತೆಗೆ ಈ ಸೀಮೆಯಲ್ಲಿ ಯಾರೂ ಲೆಕ್ಕ ಇಡದ ತೆಂಗಿನಕಾಯಿ. ಪಕ್ಕಕ್ಕೆ ರಾಗಿ ಮುದ್ದೆ.

ಗೆಳೆಯರ ಗುಂಪಾದರೆ ಗುಡ್ಡೆಗಳು ಮನೆಗೆ ಹೋಗುವುದೇ ಇಲ್ಲ. ಯಾರದಾದರೂ ತೋಟದಲ್ಲಿ ಮೂರು ಕಲ್ಲು ಹೂಡಿ, ಎಡಮಟ್ಟೆ, ಚಿಪ್ಪು ಒಟ್ಟಿ ಅಲ್ಲೇ ಬೇಯಿಸುತ್ತಾರೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ತಿಪಟೂರು ಕಡೆ ಬಾಡು ಹೊಸಿಲು ದಾಟದ ಮನೆಗಳು ಬಹಳ. ಮನೆಯಲ್ಲಿ ಮುಟ್ಟದ ಕೆಲವರು ತೋಟದಲ್ಲಿ ಮುಟ್ಟುತ್ತಾರೆ. ಆ ಸುದ್ದಿ ಸಾಮಾನ್ಯವಾಗಿ ತೋಟದ ಬೇಲಿ ದಾಟುವುದಿಲ್ಲ. ನಿಜಕ್ಕೂ ತಿನ್ನದವರಿಗೆ ಮೊದಲೇ ಅನ್ನ, ತಿಳಿಸಾರು ಬೇರೆ ಇಳಿಸಿಡುತ್ತಾರೆ.

ಹೋತ ಕೊಳ್ಳುವಷ್ಟು ಜನ ಸೇರದಿದ್ದರೆ ಹೋಟೆಲು ಇದ್ದೇ ಇದೆ. ಬೆಂಗಳೂರು–ಶಿವಮೊಗ್ಗ ಹೆದ್ದಾರಿಗೆ ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ಅಡ್ಡ ಹಾಯುವ ಕಿಬ್ಬನಹಳ್ಳಿ ಕ್ರಾಸು, ಜನರ ಬಾಯಲ್ಲಿ ಕೆ.ಬಿ. ಕ್ರಾಸು, ಮೂರೂ ತಾಲ್ಲೂಕಿನವರಿಗೆ ಸಮದೂರದ ಜಾಗವೆಂದೇ ಹೇಳಬಹುದು. ನಾಲ್ವರು ಕೂತರೆ ಮುದ್ದೆ ನಾಲ್ಕು, ಆದರೆ ಈಲಿ ಫ್ರೈ ಒಂದು, ಬೋಟಿ ಒಂದು, ಚಾಪ್ಸ್ ಒಂದು, ತಲೆಮಾಂಸ ಒಂದು. ತಟ್ಟೆಗಳು ನಡುವೆ ಇರುತ್ತವೆ, ಕೈಗಳು ಸುತ್ತಲಿಂದ ಬರುತ್ತವೆ. ಬಿಲ್ಲನ್ನು ಒಬ್ಬ ಕೊಡುತ್ತಾನೆ, ಮುಂದಿನ ಸಲ ಇನ್ನೊಬ್ಬ. ಈಚೆಗೆ ಫೋನಿನಲ್ಲೇ ನಾಲ್ಕು ಭಾಗ ಮಾಡಿ ಕಳಿಸುವವರೂ ಇದ್ದಾರೆ.