ಗಾಜಿಗೆ ದನಿ ಬಂದ ಬಗೆ

ಹಳೆಯ ಕೀಪ್ಯಾಡ್ ಮೊಬೈಲುಗಳ 5ನೇ ಗುಂಡಿಯ ಮೇಲೆ ಪುಟ್ಟದೊಂದು ಉಬ್ಬು ಇರುತ್ತಿತ್ತು. ಅದು ಬೆರಳಿಗೆ ಸಿಕ್ಕರೆ ಸಾಕು, ಕಣ್ಣು ಕಾಣದವರು ಯಾವ ನಂಬರನ್ನಾದರೂ ಒತ್ತುತ್ತಿದ್ದರು. 2007ರಲ್ಲಿ ಐಫೋನ್ ಬಂತು. ಉಬ್ಬಿನ ಜೊತೆಗೆ ಗುಂಡಿಗಳೂ ಮಾಯವಾಗಿ ನುಣ್ಣನೆಯ ಗಾಜು ಉಳಿಯಿತು.

ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆಗ ಹೊಸದೇನಲ್ಲ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್‌ಸೈಕಲ್ ರೇಸರ್ ಟೆಡ್ ಹೆಂಟರ್ ಕಟ್ಟಿದ ಕಂಪನಿಯ ‘ಜಾಸ್’ 1989ರಲ್ಲೇ ಬಂದಿತ್ತು. ಆದರೆ ಅದು ಕೀಬೋರ್ಡನ್ನು ನಂಬಿಕೊಂಡಿತ್ತು. ಗಾಜಿನ ತೊಡಕೇ ಬೇರೆ: ಏನಿದೆಯೆಂದು ತಡಕಲು ಬೆರಳಿಟ್ಟರೆ, ಇಟ್ಟ ಕಡೆ ಏನೋ ತೆರೆದುಕೊಂಡುಬಿಡುತ್ತದೆ.

ತಡಕುವುದನ್ನೂ ತೆರೆಯುವುದನ್ನೂ ಬೇರೆಬೇರೆ ಮಾಡಿದ್ದೇ ಇದಕ್ಕೆ ಸಿಕ್ಕ ಪರಿಹಾರ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾನ್ ಕೇನ್ ಮತ್ತು ಸಂಗಡಿಗರು 2008ರಲ್ಲಿ ‘ಸ್ಲೈಡ್ ರೂಲ್’ ಪ್ರಯೋಗದಲ್ಲಿ ಇದನ್ನು ಮಾಡಿ ತೋರಿಸಿದರು. ಬೆರಳನ್ನು ಜಾರಿಸುತ್ತ ಹೋದರೆ ಅಡಿಯಲ್ಲಿರುವುದರ ಹೆಸರು ಕೇಳಿಸುತ್ತದೆ. ಆ ಬೆರಳನ್ನು ಅಲ್ಲೇ ಇಟ್ಟು ಇನ್ನೊಂದರಿಂದ ತಟ್ಟಿದರೆ ಮಾತ್ರ ತೆರೆಯುತ್ತದೆ. 2009ರಲ್ಲಿ ಐಫೋನ್ 3ಜಿಎಸ್‌ಗೆ ‘ವಾಯ್ಸ್‌ಓವರ್’ ಎಂಬ ಸ್ಕ್ರೀನ್ ರೀಡರ್ ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಇಳಿದಾಗ ಮೊದಲ ದಿನದಿಂದಲೇ ಅದು ಒಳಗಿತ್ತು. ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿರಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಆಂಡ್ರಾಯ್ಡ್‌ನ ‘ಟಾಕ್‌ಬ್ಯಾಕ್’ ಕೂಡ 2009ರದು. ಅದರ ಹಿಂದೆ ದುಡಿದವರಲ್ಲಿ ಪುಣೆಯಲ್ಲಿ ಹುಟ್ಟಿದ, ಸ್ವತಃ ಅಂಧರಾದ ಟಿ.ವಿ. ರಾಮನ್ ಒಬ್ಬರು. ಪರದೆಯನ್ನು ಬೆರಳಿಂದ ತಡಕುವ ಸೌಲಭ್ಯ ಅಲ್ಲಿಗೆ ಬರಲು 2011 ಆಯಿತು.

ಟ್ಯಾಬ್ಲೆಟ್ಟಿನ ಅಗಲವೇ ಒಂದು ಅನುಕೂಲ. ಬೆರಳು ಮೇಲಿಂದ ಕೆಳಗೆ ಓಡಾಡಿದಂತೆ ತಲೆಬರಹ ಎಲ್ಲಿದೆ, ಚಿತ್ರ ಯಾವ ಪಕ್ಕಕ್ಕಿದೆ ಎಂಬ ಪುಟದ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಐಪ್ಯಾಡಿನಲ್ಲಿ ಮೂರು ಬೆರಳಿಂದ ಮೂರು ಸಲ ತಟ್ಟಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ರೈಲಿನಲ್ಲಿ ಕೂತು ಬ್ಯಾಂಕಿನ ಲೆಕ್ಕ ನೋಡುವವರಿಗೆ ಪಕ್ಕದವರ ಕಣ್ಣಿನ ಭಯವಿಲ್ಲ.

ಈಗ ಈ ಯಂತ್ರಗಳು ಕನ್ನಡವನ್ನೂ ಓದುತ್ತವೆ. ಎಡವುತ್ತಿರುವವರು ನಾವು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿದ ಕಡತ ಕಣ್ಣಿಗೆ ಅಚ್ಚಗನ್ನಡವಾಗಿ ಕಂಡರೂ ಅದರ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಒದರುತ್ತದೆ. ಬರೀ ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯಲ್ಲಂತೂ ಓದಲು ಅಕ್ಷರವೇ ಇಲ್ಲ.

ಪ್ರಕಾಶಕರೇ, ಕಚೇರಿಗಳಲ್ಲಿರುವವರೇ, ಮುಂದಿನ ಕಡತವನ್ನು, ಕನ್ನಡದ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ. ಚಿತ್ರ ಹಾಕಿದರೆ ಅದರಲ್ಲೇನಿದೆ ಎಂದು ಒಂದು ಸಾಲು ಬರೆಯಿರಿ. ಆ್ಯಪ್ ಮಾಡುವವರು ಪ್ರತಿ ಬಟನ್ನಿಗೂ ಕನ್ನಡದಲ್ಲಿ ಹೆಸರು ಕೊಡಲಿ.