ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್ ಮತ್ತು ವೇಗದ ಲೆಕ್ಕ

ಗ್ರಾಫಿಕ್ ವಿನ್ಯಾಸದ ತಂತ್ರಾಂಶಗಳಲ್ಲಿ ಎರಡು ಜಾತಿ. ಫೋಟೊಶಾಪ್, ಗಿಂಪ್ ಮೊದಲಾದವು ಚಿತ್ರವನ್ನು ಪಿಕ್ಸೆಲ್ ಎಂಬ ಬಣ್ಣದ ಸಣ್ಣ ಚೌಕಗಳಾಗಿ ಇಟ್ಟುಕೊಳ್ಳುತ್ತವೆ. ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ, ಇಂಕ್‌ಸ್ಕೇಪ್‌ನಂಥ ವೆಕ್ಟರ್ ತಂತ್ರಾಂಶಗಳು ಪ್ರತಿ ಗೆರೆಯನ್ನೂ ಗಣಿತದ ಸೂತ್ರವಾಗಿ ಇಟ್ಟುಕೊಳ್ಳುತ್ತವೆ. ಯಾವುದು ವೇಗ ಎಂದು ಕೇಳುವವರು ಮೊದಲು ನೋಡಬೇಕಾದದ್ದು ಈ ಭೇದವನ್ನೇ.

10 ಅಡಿ ಅಗಲ, 6 ಅಡಿ ಎತ್ತರದ ಒಂದು ಫ್ಲೆಕ್ಸ್ ಬೋರ್ಡನ್ನು ತೆಗೆದುಕೊಳ್ಳೋಣ. ಪುಸ್ತಕದ ಮುದ್ರಣಕ್ಕೆ ಬಳಸುವ ಹಾಗೆ ಇಂಚಿಗೆ 300 ಪಿಕ್ಸೆಲ್ ಇಟ್ಟು ಇದನ್ನು ಫೋಟೊಶಾಪಿನಲ್ಲಿ ಮಾಡಹೊರಟರೆ ಚಿತ್ರದ ಅಳತೆ 36,000 × 21,600 ಆಗುತ್ತದೆ, ಅಂದರೆ 77 ಕೋಟಿಗೂ ಹೆಚ್ಚು ಪಿಕ್ಸೆಲ್. ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣದಲ್ಲಿ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಎಂದರೂ ಒಂದೇ ಪದರಕ್ಕೆ ಸುಮಾರು 3 ಗಿಗಾಬೈಟ್ ಬೇಕು. ಮಾಮೂಲಿ ಪಿಎಸ್‌ಡಿ ಕಡತ ಒಂದು ಬದಿಗೆ 30,000 ಪಿಕ್ಸೆಲ್ ದಾಟುವಂತಿಲ್ಲವಾದ್ದರಿಂದ ಇದು ಅದರಲ್ಲಿ ಉಳಿಯುವುದೂ ಇಲ್ಲ. ದೂರದಿಂದ ನೋಡುವ ಬೋರ್ಡಿಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಇಂಚಿಗೆ 72 ಪಿಕ್ಸೆಲ್ ಇಟ್ಟರೆ ಅದೇ ಪದರ 180 ಮೆಗಾಬೈಟಿನೊಳಗೆ ಮುಗಿಯುತ್ತದೆ. ವೆಕ್ಟರ್‌ನಲ್ಲಾದರೆ ಅಕ್ಷರ, ಗೆರೆ, ಬಣ್ಣದ ಪಟ್ಟಿಗಳಿಗೆ ಈ ಲೆಕ್ಕವೇ ಇಲ್ಲ. ಕಂಪ್ಯೂಟರ್ ನಿಧಾನ ಎಂಬ ದೂರುಗಳಲ್ಲಿ ಎಷ್ಟೋ, ಕೆಲಸಕ್ಕೆ ಹೊಂದದ ಸಾಧನವನ್ನು ಹಿಡಿದದ್ದರಿಂದ ಬಂದವು.

ವೆಕ್ಟರ್ ಲೋಕದ ಹಳೆಯ ಎದುರಾಳಿಗಳು ಇಬ್ಬರು. ಅಡೋಬಿಯ ಇಲ್ಲಸ್ಟ್ರೇಟರ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ಬಂತು. ಅದರ ಹಿಂದೆ ಅದೇ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಇತ್ತು. ಕೆನಡಾದ ಒಟ್ಟಾವಾದಲ್ಲಿದ್ದ ಕೋರೆಲ್ ಕಂಪನಿ 1989ರಲ್ಲಿ ವಿಂಡೋಸ್‌ಗಾಗಿ ಕೋರೆಲ್‌ಡ್ರಾ ಹೊರತಂದಿತು. ಜಾಹೀರಾತು ಏಜೆನ್ಸಿಗಳು ಮ್ಯಾಕ್ ಮತ್ತು ಇಲ್ಲಸ್ಟ್ರೇಟರ್ ಹಿಡಿದವು. ವಿಂಡೋಸ್ ಕಂಪ್ಯೂಟರುಗಳೇ ತುಂಬಿದ್ದ ಭಾರತದ ಸಣ್ಣ ಪ್ರೆಸ್‌ಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕೋರೆಲ್ ಬೇರೂರಿತು.

ಕೈಯ ವೇಗದಲ್ಲಿ ಕೋರೆಲ್‌ಗೆ ಸಾಟಿ ಕಡಿಮೆ. ಪರದೆಯ ಅಂಚಿನ ಬಣ್ಣದ ಪಟ್ಟಿಯಲ್ಲಿ ಎಡ ಕ್ಲಿಕ್ ಮಾಡಿದರೆ ಆಕೃತಿಯೊಳಗೆ ಬಣ್ಣ ತುಂಬುತ್ತದೆ, ಬಲ ಕ್ಲಿಕ್ ಮಾಡಿದರೆ ಅದರ ಅಂಚಿಗೆ ಬಣ್ಣ ಬರುತ್ತದೆ. ಎರಡು ವಸ್ತುಗಳನ್ನು ಆರಿಸಿ 'ಸಿ' ಕೀಲಿ ಒತ್ತಿದರೆ ಎರಡೂ ಒಂದೇ ನಡುಗೆರೆಗೆ ಸಾಲಾಗುತ್ತವೆ. 'ಪಿ' ಒತ್ತಿದರೆ ಆರಿಸಿದ್ದು ಪುಟದ ನಡುವಿಗೆ ಬಂದು ಕೂರುತ್ತದೆ. ಮದುವೆಯ ಹಂಗಾಮಿನಲ್ಲಿ ಒಂದೇ ದಿನ ಹತ್ತಾರು ಲಗ್ನಪತ್ರಿಕೆ ಮುಗಿಸಬೇಕಾದ ಆಪರೇಟರಿಗೆ ಉಳಿಯುವ ಸಮಯ ಈ ಒಂದೊಂದು ಕೀಲಿಯಲ್ಲಿದೆ. ಕೋರೆಲ್ ಪುಟವನ್ನು 150 ಅಡಿಯವರೆಗೆ ನಿಜವಾದ ಅಳತೆಯಲ್ಲೇ ಇಡಬಹುದು. ಇಲ್ಲಸ್ಟ್ರೇಟರಿನ ಹಾಳೆ ಬಹುಕಾಲ 227 ಇಂಚಿಗೆ, ಅಂದರೆ ಸುಮಾರು 19 ಅಡಿಗೆ ಸೀಮಿತವಾಗಿತ್ತು. ಅದಕ್ಕಿಂತ ದೊಡ್ಡ ಬೋರ್ಡನ್ನು ಅಳತೆ ತಗ್ಗಿಸಿಯೇ ಬರೆಯಬೇಕಿತ್ತು. 2020ರಲ್ಲಿ ಆ ಮಿತಿ ಹತ್ತು ಪಟ್ಟು ಹಿಗ್ಗಿತು.

ಇಲ್ಲಸ್ಟ್ರೇಟರಿನ ಬಲ ಬೇರೆ ಕಡೆ ಇದೆ. ಒಂದು ಲೋಗೊವನ್ನು ವರ್ಷಗಟ್ಟಲೆ ತಿದ್ದುತ್ತ, ಹಲವರ ಕೈ ದಾಟಿಸುತ್ತ, ಪೆಟ್ಟಿಗೆಯ ಲೇಬಲ್‌ನಿಂದ ಮೊಬೈಲ್ ಐಕಾನ್‌ವರೆಗೆ ಒಯ್ಯಬೇಕಾದಾಗ ಅದರ ಶಿಸ್ತು ಕಾಣುತ್ತದೆ. ಗ್ಲೋಬಲ್ ಎಂದು ಗುರುತು ಮಾಡಿದ ಒಂದು ಬಣ್ಣವನ್ನು ಬದಲಿಸಿದರೆ ಕಡತದಲ್ಲಿ ಅದನ್ನು ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಫೋಟೊಶಾಪ್, ಇನ್‌ಡಿಸೈನ್‌ಗಳಿಗೆ ಅದರ ಕಡತ ನೇರವಾಗಿ ಹೋಗುತ್ತದೆ. ಪುಸ್ತಕ, ಪತ್ರಿಕೆಗಳ ಪುಟ ಕಟ್ಟಲು ಮಾತ್ರ ಇಬ್ಬರನ್ನೂ ಬಿಟ್ಟು ಇನ್‌ಡಿಸೈನ್ ಹಿಡಿಯುವುದು ಒಳ್ಳೆಯದು.

ಯಂತ್ರದ ವೇಗದಲ್ಲಿ ಎರಡಕ್ಕೂ ಕಷ್ಟ ಒಂದೇ. ನೆರಳು, ಮಸುಕು, ಪಾರದರ್ಶಕತೆ ಹೆಚ್ಚಿದಷ್ಟೂ ಪರದೆ ತಡವರಿಸುತ್ತದೆ, ಏಕೆಂದರೆ ಇವನ್ನು ಕೊನೆಗೆ ಪಿಕ್ಸೆಲ್ ಆಗಿಯೇ ಲೆಕ್ಕ ಹಾಕಬೇಕು. ಇಲ್ಲಸ್ಟ್ರೇಟರಿನಲ್ಲಿ ಈ ಪರಿಣಾಮಗಳ ಸೂಕ್ಷ್ಮತೆಯನ್ನು ಕೆಲಸದ ವೇಳೆ 72ಕ್ಕೆ ಇಳಿಸಿ, ಮುದ್ರಣಕ್ಕೆ ಕಳಿಸುವಾಗ 300ಕ್ಕೆ ಏರಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎರಡರಲ್ಲೂ ಬರೀ ಗೆರೆಗಳನ್ನು ತೋರಿಸುವ ನೋಟವಿದೆ. ಭಾರವಾದ ಕಡತದಲ್ಲಿ ಅದೇ ದಾರಿ.

ಇನ್ನು ವೃತ್ತಿಯ ಮಾತು. ಪ್ರೆಸ್‌ಗೆ ಹೋಗುವ ಕಡತದಲ್ಲಿ ಬಣ್ಣ ಸಿಎಂವೈಕೆ ಆಗಿರಬೇಕು, ಅಂಚಿನಲ್ಲಿ ಕತ್ತರಿಸಲು ಸಾಮಾನ್ಯವಾಗಿ 3 ಮಿ.ಮೀ. ಬ್ಲೀಡ್ ಬೇಕು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಕಪ್ಪು. ಪರದೆಗೆಂದು ಆರಿಸಿದ ಆರ್‌ಜಿಬಿ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದಾಗ ಅದು ಸಾಮಾನ್ಯವಾಗಿ ನಾಲ್ಕೂ ಶಾಯಿಗಳಿಗೆ ಹಂಚಿಹೋಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಕನ್ನಡದಲ್ಲಾದರೆ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ಪಠ್ಯದ ಕಪ್ಪು ಬಣ್ಣ ಕಪ್ಪು ಶಾಯಿಯೊಂದರಲ್ಲೇ ಇರಬೇಕು. ಕೋರೆಲ್, ಇಲ್ಲಸ್ಟ್ರೇಟರ್ ಎರಡೂ ಇದನ್ನು ಸಂಪೂರ್ಣ ನಿಭಾಯಿಸುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ 2003ರಿಂದ ಬೆಳೆಯುತ್ತ ಬಂದ ಒಳ್ಳೆಯ ಸಾಧನವೇ ಆದರೂ ಮೂಲತಃ ಆರ್‌ಜಿಬಿಯದು. ಲೋಗೊ, ವೆಬ್ ಚಿತ್ರಗಳಿಗೆ ಅದು ಸಾಕು, ಆಫ್‌ಸೆಟ್ ಮುದ್ರಣಕ್ಕೆ ಅದೊಂದನ್ನೇ ನಂಬುವುದು ಕಷ್ಟ.

ಕನ್ನಡದ ಕೆಲಸಕ್ಕೆ ಇನ್ನೊಂದು ಪರೀಕ್ಷೆ ಇದೆ, ಇದರಲ್ಲಿ ಸೋತ ತಂತ್ರಾಂಶ ಎಷ್ಟು ವೇಗವಾಗಿದ್ದರೂ ಪ್ರಯೋಜನವಿಲ್ಲ. 'ರಾಷ್ಟ್ರ' ಎಂಬುದು ಯುನಿಕೋಡ್‌ನಲ್ಲಿ ಏಳು ಸಂಕೇತಗಳ ಸಾಲು. ಷಕಾರದ ಕೆಳಗೆ ಟ, ರ ಎರಡನ್ನೂ ಒತ್ತಾಗಿ ಜೋಡಿಸುವುದು ತಂತ್ರಾಂಶದೊಳಗಿನ ಅಕ್ಷರ ಜೋಡಣೆಯ ಎಂಜಿನ್. ಅದು ಇಲ್ಲದಿದ್ದರೆ ಒತ್ತು ಬೀಳುವ ಬದಲು ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ. ಈ ತೊಡಕು ತಪ್ಪಿಸಲೆಂದೇ ಹಳೆಯ ನುಡಿ, ಬರಹ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಪುಟ ಕಟ್ಟುವ ತಂತ್ರಾಂಶವಾದ 2001ರ ಪೇಜ್‌ಮೇಕರ್ 7 ಕೂಡ ಅವನ್ನು ಸರಿಯಾಗಿ ತೋರಿಸುತ್ತಿತ್ತು. 2012ರಲ್ಲಿ ಬಂದ ಕೋರೆಲ್‌ಡ್ರಾ ಎಕ್ಸ್6 ಮತ್ತು ಇನ್‌ಡಿಸೈನ್ ಸಿಎಸ್6 ಯುನಿಕೋಡ್ ಕನ್ನಡಕ್ಕೆ ದಾರಿ ತೆರೆದವು. ಇನ್‌ಡಿಸೈನಿನಲ್ಲಿ ಇದಕ್ಕೆ ವರ್ಲ್ಡ್-ರೆಡಿ ಕಂಪೋಸರನ್ನು ಆರಿಸಿಕೊಳ್ಳಬೇಕು. ಒತ್ತು ಒಡೆದು ಕಾಣುವಾಗ ಮೊದಲು ನೋಡಬೇಕಾದ ಜಾಗ ಅದೇ. ಪ್ಯಾಂಗೊ ಎಂಬ ಮುಕ್ತ ವ್ಯವಸ್ಥೆ ಬಳಸುವ ಇಂಕ್‌ಸ್ಕೇಪ್, ಗಿಂಪ್‌ಗಳು ಕನ್ನಡವನ್ನು ಚೆನ್ನಾಗಿಯೇ ಜೋಡಿಸುತ್ತವೆ.

ಹೊಸಬರಲ್ಲಿ ಬ್ರಿಟನ್ನಿನ ಅಫಿನಿಟಿ ಪರದೆಯ ವೇಗಕ್ಕೆ ಹೆಸರಾದದ್ದು. ಅದರ ತಯಾರಕರಾದ ಸೆರಿಫ್ ಕಂಪನಿಯನ್ನು 2024ರಲ್ಲಿ ಕ್ಯಾನ್ವಾ ಕೊಂಡುಕೊಂಡಿತು. ಮರುವರ್ಷ ಅಫಿನಿಟಿ ಉಚಿತವಾಯಿತು. ಆದರೆ ಭಾರತೀಯ ಲಿಪಿಗಳ ಜೋಡಣೆ ಅದರಲ್ಲಿ ಬಹುಕಾಲ ಇರಲೇ ಇಲ್ಲ. ಕನ್ನಡಕ್ಕೆ ಬಳಸುವ ಮೊದಲು ಒತ್ತಕ್ಷರಗಳ ಒಂದು ಸಾಲು ಬರೆದು ನೋಡುವುದು ಕ್ಷೇಮ. ಫಿಗ್ಮಾ ಆ್ಯಪ್ ಮತ್ತು ವೆಬ್ ಪುಟಗಳ ವಿನ್ಯಾಸದ್ದು, ಅಲ್ಲಿ ಹಲವರು ಒಂದೇ ಕಡತದಲ್ಲಿ ಒಟ್ಟಿಗೆ ದುಡಿಯಬಹುದು. ಕ್ಯಾನ್ವಾ ಸಿದ್ಧ ಮಾದರಿಗಳಿಂದ ಕ್ಷಣದಲ್ಲಿ ಪೋಸ್ಟರ್ ಕೊಡುತ್ತದೆ. ಸೂಕ್ಷ್ಮ ತಿದ್ದುಪಡಿಗೆ ಅದು ಸಾಲದು.

ಹಣದ ಲೆಕ್ಕವೂ ಆಯ್ಕೆಯನ್ನು ತಿರುಗಿಸುತ್ತದೆ. ಅಡೋಬಿ 2013ರಲ್ಲಿ ಚಂದಾ ಪದ್ಧತಿಗೆ ಹೊರಳಿದ ಮೇಲೆ ಇಲ್ಲಸ್ಟ್ರೇಟರನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವಂತಿಲ್ಲ. ಕೋರೆಲ್ ಚಂದಾ ತಂದರೂ ಒಂದೇ ಬಾರಿಯ ಖರೀದಿಯನ್ನು ಕೈಬಿಡಲಿಲ್ಲ. ಕಡತ ದಾಟಿಸುವಾಗ ಮಾತ್ರ ಕೋರೆಲ್ ಬಳಸುವವರು ಎಚ್ಚರ ವಹಿಸಬೇಕು: ಹೊಸ ಆವೃತ್ತಿಯ ಸಿಡಿಆರ್ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಪ್ರೆಸ್‌ನವರ ಆವೃತ್ತಿ ಕೇಳಿ ಅದಕ್ಕೆ ಇಳಿಸಿ ಉಳಿಸಬೇಕು, ಇಲ್ಲವೇ ಪಿಡಿಎಫ್ ಕೊಡಬೇಕು. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಗಳ ಆಕೃತಿಯಾಗಿ ತಿರುಗಿಸಿ ಕಳಿಸಿದರೆ ಫಾಂಟಿನ ತಕರಾರು ಬಾರದು, ಆದರೆ ಅಲ್ಲಿಂದ ಮುಂದೆ ಒಂದಕ್ಷರವನ್ನೂ ತಿದ್ದಲಾಗದು. ಹಾಗಾಗಿ ಕರ್ವ್ ಮಾಡುವ ಮುನ್ನ ಮೂಲ ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು.