ಅಕ್ಕಡಿ ಸಾಲಿನ ಅರ್ಥ

ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವ ಸೀಮೆಯಲ್ಲಿ ಬೆಳೆದವನು ನಾನು. ದಾವಣಗೆರೆ, ಹಾವೇರಿಗಳ ಮಳೆಯಾಶ್ರಿತ ಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳವೊಂದನ್ನೇ ಕಂಡಾಗ, ಆ ಹಸುರು ನನಗೆ ಸಂತೋಷದೊಡನೆ ಅಳುಕನ್ನೂ ತಂದಿತು.

ಅಳುಕಿಗೆ ಕಾರಣವುಂಟು. ಈ ಜೋಳ ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆ ಜೊಳ್ಳಾಗುತ್ತದೆ. ರೈತನಿಗೆ ಬೇರೆ ಆಸರೆಯಿಲ್ಲ.

ನಡುವೆ ತೊಗರಿಯ ಸಾಲುಗಳಿದ್ದರೆ ಮಾತು ಬೇರೆ. ಎರಡನ್ನೂ ಮುಂಗಾರಿನಲ್ಲಿ ಒಟ್ಟಿಗೆ ಬಿತ್ತಿದರೂ ತೊಗರಿ ಮೊದಲೆರಡು ತಿಂಗಳು ಮೆಲ್ಲಗೆ ಬೆಳೆಯುತ್ತದೆ. ಸುಮಾರು 4 ತಿಂಗಳಿಗೆ ಜೋಳ ಕೊಯ್ಲಾದ ಮೇಲೆ ಬಿಸಿಲೂ ಬಯಲೂ ಅದರವಾಗುತ್ತವೆ. ಆಳಕ್ಕಿಳಿದ ತಾಯಿಬೇರು ಅಡಿಯ ತೇವವನ್ನು ಹೀರಿ, ಹಿಂಗಾರಿನ ಅಲ್ಪ ಮಳೆಯಲ್ಲಿಯೂ ಕಾಯಿ ಕಟ್ಟುತ್ತದೆ.

ದ್ವಿದಳ ಸಸ್ಯಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1886-88ರ ಅವಧಿಯಲ್ಲಿ ತೋರಿಸಿಕೊಟ್ಟರು. ಹಾಗೆಂದು ತೊಗರಿ ಪಕ್ಕದ ಜೋಳಕ್ಕೆ ಆ ವರ್ಷವೇ ಗೊಬ್ಬರ ಬಡಿಸುತ್ತದೆಂದು ಭಾವಿಸಬಾರದು. ನೆಲದ ಸಾರಜನಕಕ್ಕಾಗಿ ಜೋಳದೊಡನೆ ಹೆಚ್ಚು ಸೆಣಸುವುದಿಲ್ಲ, ಅಷ್ಟೆ. ಗಳಿಸಿದ್ದರಲ್ಲಿ ಬಹುಪಾಲನ್ನು ತಾನೇ ಉಂಡು, ಉದುರಿದ ಎಲೆಯಲ್ಲಿ, ಕೊಳೆತ ಬೇರಿನಲ್ಲಿ ಉಳಿದುದನ್ನು ಮುಂದಿನ ಬೆಳೆಗೆ ಬಿಟ್ಟುಹೋಗುತ್ತದೆ.

ಸಾಲು ಕೊಟ್ಟ ಮೇಲೆ ಜೋಳದ ಇಳುವರಿ ಕೊಂಚ ತಗ್ಗಬಹುದು. ಆ ಕೊರತೆಯನ್ನು ನಷ್ಟವೆಂದು ನಾನು ಎಣಿಸಲಾರೆ. ಬಾಲ್ಯದಲ್ಲಿ ಮಳೆ ತಪ್ಪಿದ ಒಂದು ವರ್ಷ ರಾಗಿ ಒಣಗಿಹೋಯಿತು. ಆ ಚಳಿಗಾಲ ನಮ್ಮ ಒಲೆಯ ಮೇಲೆ ಬೆಂದದ್ದು ಅಕ್ಕಡಿ ಸಾಲಿನ ಅವರೆ.